ಪ್ರಧಾನರ ಕತ್ತಿ, ನನ್ನ ಮಣಿಕಟ್ಟು

ಮನುಷ್ಯನ ಮೈಯಲ್ಲಿ ಯಾರ ಮೆಚ್ಚುಗೆಯನ್ನೂ ಪಡೆಯದೆ ಸುಮ್ಮನೆ ದುಡಿಯುವ ಜಾಗ ಯಾವುದಾದರೂ ಇದ್ದರೆ ಅದು ಮಣಿಕಟ್ಟು. ಕಣ್ಣಿಗೆ ಕಾಡಿಗೆಯಿದೆ, ಕನ್ನಡಕವಿದೆ. ಹೃದಯದ ಮೇಲಂತೂ ಕವಿಗಳು ಮುಗಿಬೀಳುತ್ತಾರೆ. ಹೊಟ್ಟೆಯ ಯೋಗಕ್ಷೇಮ ವಿಚಾರಿಸದವರು ನಮ್ಮ ಕಡೆ ಯಾರೂ ಇಲ್ಲ, "ಊಟ ಆತೇನ್ರಿ" ಎನ್ನುವುದೇ ನಮ್ಮ ನಮಸ್ಕಾರ. ಆದರೆ ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವನನ್ನು ನಿಲ್ಲಿಸಿ "ಮಣಿಕಟ್ಟು ಆರಾಮ ಐತೇನ್ರಿ" ಎಂದು ಕೇಳಿದವರನ್ನು ನಾನು ಕಂಡಿಲ್ಲ. ನಾನೂ ಕೇಳಿದವನಲ್ಲ. ಕಾಲುವೆ ಇಲಾಖೆಯ ಒಂದು ಸಣ್ಣ ಕಚೇರಿಯಲ್ಲಿ ಗುಮಾಸ್ತನಾಗಿದ್ದ ನನಗೆ ಮಣಿಕಟ್ಟು ಬೇಕಾಗುತ್ತಿದ್ದದ್ದು ಎರಡೇ ಕೆಲಸಕ್ಕೆ: ಕಾಗದದ ಮೇಲೆ ಮೊಹರು ಒತ್ತುವುದಕ್ಕೆ ಮತ್ತು ಮದುವೆಯಲ್ಲಿ ಮಾವನವರು ಕೊಟ್ಟ ಕೈಗಡಿಯಾರ ಕಟ್ಟಿಕೊಳ್ಳುವುದಕ್ಕೆ. ಫೈಲು ಎತ್ತುವುದಕ್ಕೆ ಜವಾನನಿದ್ದ. ಇಂಥ ನಾನು ಒಬ್ಬ ಜನನಾಯಕರಿಗೆ ಕತ್ತಿ ಹಿಡಿಯುವ ವಿದ್ಯೆ ಕಲಿಸುವ ಗುರುವಾಗಿದ್ದೆ ಎಂದರೆ ನಿಮಗೆ ನಗು ಬರುತ್ತದೆ. ನಗಿರಿ. ನನಗೂ ಬರುತ್ತದೆ, ಆದರೆ ನಕ್ಕರೆ ಈಗಲೂ ಮೊಣಕೈ ನೋಯುತ್ತದೆ.

ನಮ್ಮ ಕಡೆ ಒಬ್ಬ ಮನುಷ್ಯ ದೊಡ್ಡವನಾದ ಎಂದು ಊರು ಒಪ್ಪಿಕೊಳ್ಳಬೇಕಾದರೆ ಶಾಲು, ಹಾರ, ಹಣ್ಣಿನ ಬುಟ್ಟಿ ಸಾಲುವುದಿಲ್ಲ. ಕತ್ತಿ ಕೊಡಬೇಕು. ಯಾಕೆ ಕತ್ತಿ ಎಂದು ಕೇಳಬೇಡಿ. ಈರುಳ್ಳಿಯನ್ನೂ ಹೆಂಡತಿಯಿಂದಲೇ ಹೆಚ್ಚಿಸಿ ತಿನ್ನುವವನ ಕೈಗೆ ಸಾವಿರಾರು ಜನರೆದುರು ಕತ್ತಿ ಕೊಡುತ್ತಾರೆ. ಅವನು ಅದನ್ನು ಒರೆಯಿಂದ ಎಳೆದು ತಲೆಯ ಮೇಲೆ ಎತ್ತಿ ಹಿಡಿಯಬೇಕು, ಜನ ಚಪ್ಪಾಳೆ ತಟ್ಟಬೇಕು, ಫೋಟೋದವನು "ಆತ್ರಿ" ಎನ್ನುವವರೆಗೂ ಕೈ ಇಳಿಯಬಾರದು. ಯಾವ ಶತ್ರುವಿನ ಮೇಲೆ ಎತ್ತಿದ್ದು ಎಂದು ಯಾರೂ ವಿಚಾರಿಸುವುದಿಲ್ಲ. ಶತ್ರು ಸಾಮಾನ್ಯವಾಗಿ ಅದೇ ವೇದಿಕೆಯಲ್ಲಿ ಪಕ್ಕದ ಕುರ್ಚಿಯ ಮೇಲೆ ಕುಳಿತು ಬಾಳೆಹಣ್ಣು ಸುಲಿಯುತ್ತಿರುತ್ತಾನೆ. ಸಮಾರಂಭ ಮುಗಿದ ಮೇಲೆ ಈ ಕತ್ತಿಗಳೆಲ್ಲ ಏನಾಗುತ್ತವೆ ಎಂಬ ಕುತೂಹಲ ನನಗಿತ್ತು. ಲಿಂಗಸುಗೂರಿನ ಒಬ್ಬ ಪುಢಾರಿಗಳ ಮನೆಯಲ್ಲಿ ಉತ್ತರ ಸಿಕ್ಕಿತು. ಅವರ ಮನೆಯವರು ಅದರಿಂದ ಹಿತ್ತಿಲಿನ ಪೇರಲಹಣ್ಣು ಬಡಿಯುತ್ತಿದ್ದರು. "ಕೋಲಿಗಿಂತ ಚೊಲೋ ಆಗ್ತದ್ರಿ, ತುದಿ ಸೊಟ್ಟಾಗೈತಿ, ಕೊಕ್ಕಿ ಬ್ಯಾರೆ ಕಟ್ಟೂದು ಬ್ಯಾಡ" ಎಂದರು. ಅಂಗಡಿಯಿಂದ ತಂದ ಕತ್ತಿಗಳ ಗುಣವೇ ಅಷ್ಟು. ತೆಳ್ಳನೆ ತಗಡು, ಮೇಲೆ ಬೆಳ್ಳಿಯ ಬಣ್ಣ, ಗಾಳಿ ಬೀಸಿದರೆ ತಾವೇ ನಮಸ್ಕಾರ ಮಾಡುತ್ತವೆ. ಎಂಥ ನಾಯಕನಾದರೂ ಎತ್ತಬಹುದು.

ನನ್ನ ದುರ್ದೆಸೆ ಶುರುವಾದದ್ದು ತಗಡಿನ ಕತ್ತಿ ಕೊಟ್ಟಿದ್ದರೆ ಎತ್ತಿಬಿಡುತ್ತಿದ್ದ ಒಬ್ಬ ನಾಯಕರಿಂದ. ಅವರು ನನ್ನ ಹೆಂಡತಿ ಗಿರಿಜಾಳ ಅಣ್ಣ ಶೇಖರಪ್ಪ. ಮಸ್ಕಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದರು. ಮಂಡಲ ಪಂಚಾಯ್ತಿಗಳು ಹೊಸದಾಗಿ ಬಂದ ಕಾಲ ಅದು. ಸುತ್ತಮುತ್ತಲಿನ ಅರ್ಧ ಹಳ್ಳಿಗಳು ಅವರ ಅಂಗಡಿಯ ಗಿರಾಕಿಗಳೇ ಆದ್ದರಿಂದ ಶೇಖರಪ್ಪ ಒಂದು ಮಂಡಲಕ್ಕೆ ಪ್ರಧಾನರಾಗಿಬಿಟ್ಟರು. ಆಳು ನೋಡಲು ಭರ್ಜರಿ. ಅಗಲ ಎದೆ, ಹುರಿ ಮೀಸೆ, ಮುಂದೆ ಮುಂದೆ ನಡೆಯುವ ಹೊಟ್ಟೆ. ಆದರೆ ಆ ಭುಜಗಳಿಗೆ ಅಂಟಿಕೊಂಡಿದ್ದ ಕೈಗಳು ಮಾತ್ರ ಬೇರೆ ಯಾರದೋ ಇದ್ದಹಾಗಿದ್ದವು. ಜೀವಮಾನವಿಡೀ ಗಲ್ಲೆಯ ಮುಂದೆ ಕುಳಿತು, ಗೊಬ್ಬರದ ಚೀಲದ ಕಡೆ ಬೆರಳು ತೋರಿಸಿ "ಎತ್ತೋ ಅದನ್ನ" ಎಂದು ಹಮಾಲರಿಗೆ ಹೇಳಿದ ಕೈಗಳು ಅವು. ಆ ತೋರುಬೆರಳೊಂದು ಬಿಟ್ಟು ಉಳಿದದ್ದಕ್ಕೆ ವ್ಯಾಯಾಮವೇ ಇರಲಿಲ್ಲ.

ಶೇಖರಪ್ಪ ಪ್ರಧಾನರಾದದ್ದಕ್ಕೆ ಲಿಂಗಸುಗೂರಿನಲ್ಲಿ ಸನ್ಮಾನ ನಿಶ್ಚಯವಾಯಿತು. ಮಂತ್ರಿಗಳು ಬಂದು ಕತ್ತಿ ಕೊಡುವುದು. ಅಷ್ಟರಲ್ಲೇ ಅವರ ಎದುರು ಪಾರ್ಟಿಯ ಇನ್ನೊಬ್ಬ ಪ್ರಧಾನರಿಗೂ ಸನ್ಮಾನವಾಗಿ, ಅವರಿಗೆ ಕೊಟ್ಟ ಕತ್ತಿ ತೀರ ಉದ್ದ ಇತ್ತೆಂಬ ಸುದ್ದಿ ಮಸ್ಕಿಗೆ ಬಂತು. ಶೇಖರಪ್ಪನ ಹುಡುಗರಿಗೆ, ಅಂದರೆ ಜೀಪಿನ ಹಿಂದೆ ಜೋತು ಬೀಳುವ ಅಭಿಮಾನಿಗಳಿಗೆ, ರಕ್ತ ಕುದಿಯಿತು. "ನಮ್ಮಣ್ಣಗ ಅಂಗಡಿ ಕತ್ತಿ ಯಾಕ? ಖರೇ ಕತ್ತಿ ಮಾಡಸೂಣು" ಎಂದು ಹೊರಟೇಬಿಟ್ಟರು. ಜವಳಗೇರಾದಲ್ಲಿ ಟ್ರಾಕ್ಟರ್ ಟ್ರೇಲರುಗಳ ರಿಪೇರಿ ಮಾಡುವ ಒಬ್ಬ ಕಮ್ಮಾರನಿದ್ದ. ನೆಲ್ಲಿನ ಚೀಲ ಹೊತ್ತು ಹೊತ್ತು ಮುರಿದ ಟ್ರೇಲರಿನ ಸ್ಪ್ರಿಂಗ್ ಪಾಟಿಗಳು, ಅಂದರೆ ಉಕ್ಕಿನ ಪಟ್ಟಿಗಳು, ಅವನ ಅಂಗಳದಲ್ಲಿ ರಾಶಿ ಬಿದ್ದಿರುತ್ತಿದ್ದವು. ಹುಡುಗರು ಅದರಲ್ಲೇ ದಪ್ಪನೆಯದೊಂದನ್ನು ಆರಿಸಿ ಕಾಸಿ ಬಡಿಸಿ ಕತ್ತಿ ಮಾಡಿಸಿದರು. ಕಮ್ಮಾರ ಪಾಪ, "ಇಷ್ಟು ದಪ್ಪ ಬ್ಯಾಡ್ರಿ, ಒಂದೀಟು ತೆಳ್ಳಗ ಬಡೀತೀನಿ" ಎಂದನಂತೆ. "ತೆಳ್ಳಗ ಮಾಡಿದ್ರ ನಮ್ಮ ಮರ್ಯಾದಿ ತೆಳ್ಳಗಾಕ್ಕೈತಿ, ಹಂಗ ಇರ್ಲಿ" ಎಂದರಂತೆ ಇವರು. ಮಸ್ಕಿಗೆ ತಂದ ದಿನ ಶೇಖರಪ್ಪ ಅದನ್ನು ಒಂದು ಕೈಯಲ್ಲಿ ಎತ್ತಲು ಹೋದರು. ಕತ್ತಿ ಮೇಜಿನ ಮೇಲೆ ಇದ್ದಲ್ಲೇ ಇತ್ತು. ಶೇಖರಪ್ಪ ಮಾತ್ರ ಅದರ ಕಡೆ ವಾಲಿದರು. ಬಾಗಿಲು ಹಾಕಿಸಿ ಮತ್ತೊಮ್ಮೆ ನೋಡಿದರು. ಅದೇ ಕಥೆ. ಮರುದಿನವೇ ಎದುರು ಪಾರ್ಟಿಯವರ ಚಹಾದಂಗಡಿಯಲ್ಲಿ "ಗೊಬ್ಬರದ ಚೀಲ ಎತ್ತದಾಂವ ಕತ್ತಿ ಏನ್ ಎತ್ತತಾನ" ಎಂಬ ಮಾತು ಹುಟ್ಟಿತು. ಹುಡುಗರು ಮಾಡಿಸಿದ ಕತ್ತಿಯನ್ನು ಬೇಡ ಅನ್ನುವ ಹಾಗೂ ಇರಲಿಲ್ಲ.

ಇದರಲ್ಲಿ ನಾನೆಲ್ಲಿ ಬಂದೆ ಎಂದರೆ, ನನಗೆ ಅದೇ ವಾರ ವರ್ಗದ ಆದೇಶ ಬಂದಿತ್ತು. ಬೀದರ್ ಜಿಲ್ಲೆಯ ಕಟ್ಟಕಡೆಯ ತಾಲೂಕು. ಅದರಾಚೆ ಹೆಜ್ಜೆಯಿಟ್ಟರೆ ಮಹಾರಾಷ್ಟ್ರ. ಸಿಂಧನೂರಿನಲ್ಲಿ ಮಕ್ಕಳ ಶಾಲೆ, ಗಿರಿಜಾಳಿಗೆ ತವರು ಹತ್ತಿರ, ನನಗೆ ಸಾಯಂಕಾಲದ ಮಿರ್ಚಿ ಅಂಗಡಿ. ಇದನ್ನೆಲ್ಲ ಬಿಟ್ಟು ಅಷ್ಟು ದೂರ ಹೋಗಬೇಕಲ್ಲ ಎಂದು ರಾತ್ರಿ ಅನ್ನ ಇಳಿಯುತ್ತಿರಲಿಲ್ಲ. ಗಿರಿಜಾ ಮಾತ್ರ ನಿಶ್ಚಿಂತೆಯಾಗಿ "ಅಣ್ಣ ಮಂತ್ರಿಗಳ ಕಿವಿಯಾಗ ಒಂದು ಮಾತು ಹಾಕಿದ್ರ ಮುಗೀತು, ನೀವ್ಯಾಕ ಸೊರಗಾಕತ್ತೀರಿ" ಎಂದಳು. ಶೇಖರಪ್ಪನೂ ಒಪ್ಪಿದರು. ಸನ್ಮಾನದ ದಿನ ವೇದಿಕೆಯ ಮೇಲೇ ಹೇಳಿಸಿ ವರ್ಗ ರದ್ದು ಮಾಡಿಸುವುದು. ಆದರೆ ಅವರದೊಂದು ಕರಾರಿತ್ತು. ಹೆಂಡತಿಯ ತವರಿನವರೆಲ್ಲ ನನ್ನನ್ನು ಕರೆಯುವಂತೆ ಅವರೂ "ಅಳಿಯಾ" ಎಂದೇ ಕರೆಯುತ್ತಿದ್ದರು. "ಅಳಿಯಾ, ನೀ ಕಾಲೇಜಿನ್ಯಾಗ ಕತ್ತಿ ಹಿಡಿದಾಂವ ಅಂತಲ್ಲ, ಗಿರಿಜಾ ಹೇಳ್ಯಾಳ. ನನಗೂ ಕೈ ಗಟ್ಟಿ ಮಾಡಿಕೊಡು" ಎಂದರು. ನಾನು ಹಿಡಿದದ್ದು ನಿಜ. ಕಾಲೇಜಿನ ನಾಟಕದಲ್ಲಿ ರಾಜನ ಹಿಂದೆ ನಿಲ್ಲುವ ಸೈನಿಕನ ಪಾತ್ರ. ರಟ್ಟಿನ ಕತ್ತಿ, ಮಾತೇ ಇಲ್ಲದ ಪಾತ್ರ. ಮದುವೆಯಾದ ಹೊಸದರಲ್ಲಿ ಈ ಕಥೆಯನ್ನು ಗಿರಿಜಾಳಿಗೆ ಹೇಳುವಾಗ ರಟ್ಟು ಎಂಬುದನ್ನು ಬಿಟ್ಟು ಹೇಳಿದ್ದೆ. ಯಾವ ಗಂಡ ತಾನೇ ಬಿಡುವುದಿಲ್ಲ? ಅದು ತವರಿಗೆ ಹೋಗುವಷ್ಟರಲ್ಲಿ ನಾನು ಒಂಟಿಯಾಗಿ ಕೋಟೆ ಗೆದ್ದವನಾಗಿದ್ದೆ.

ಮಸ್ಕಿಯಲ್ಲಿ ಅಭ್ಯಾಸ ಮಾಡಿದರೆ ಊರೆಲ್ಲ ಗೊತ್ತಾಗುತ್ತದೆಂದು ಶೇಖರಪ್ಪ ತಂಗಿಯನ್ನು ನೋಡುವ ನೆಪದಲ್ಲಿ ಬೆಳಿಗ್ಗೆ ಬೆಳಿಗ್ಗೆ ಜೀಪಿನಲ್ಲಿ ಸಿಂಧನೂರಿನ ನಮ್ಮ ಮನೆಗೆ ಬರತೊಡಗಿದರು. ಕತ್ತಿಯನ್ನೂ ತಂದು ನಮ್ಮ ಮನೆಯಲ್ಲೇ ಇಟ್ಟರು. ಅಕ್ಕಪಕ್ಕದವರು "ಎಂಥಾ ಅಣ್ಣ ನೋಡವ್ವಾ, ದಿನಾ ಬರ್ತಾನ" ಎಂದು ಗಿರಿಜಾಳ ಭಾಗ್ಯ ಹೊಗಳಿದರು. ನನಗೆ ಗೊತ್ತಿದ್ದ ವಿದ್ಯೆ ಏನೂ ಇರಲಿಲ್ಲವಾದ್ದರಿಂದ ಯಾರು ಯಾರನ್ನೋ ಕೇಳಿ ಮೊದಲ ಪಾಠ ತಯಾರು ಮಾಡಿದ್ದೆ. ಒಂದು ಬಡಿಗೆಯ ನಡುವೆ ಹಗ್ಗ ಕಟ್ಟಿ, ಹಗ್ಗದ ತುದಿಗೆ ಇಟ್ಟಿಗೆ ಕಟ್ಟಿ, ಬಡಿಗೆಯನ್ನು ಎದೆಯ ಮಟ್ಟಕ್ಕೆ ಹಿಡಿದು ಮಣಿಕಟ್ಟಿನಿಂದ ತಿರುವುತ್ತ ಇಟ್ಟಿಗೆಯನ್ನು ಮೇಲಕ್ಕೆ ಸುತ್ತಿಕೊಳ್ಳುವುದು, ಹಾಗೇ ನಿಧಾನ ಇಳಿಸುವುದು. ಶೇಖರಪ್ಪ ಬಂದರು, ಬಡಿಗೆ ನೋಡಿದರು, ಸುತ್ತ ನೋಡಿದರು. ಅಂಗಿಯ ತೋಳು ಮಡಚಿ, ಗಂಭೀರವಾಗಿ ಹಿಡಿದು, ಇಟ್ಟಿಗೆ ನೆಲ ಬಿಟ್ಟು ಗೇಣುದ್ದ ಏಳುವಷ್ಟು ತಿರುವಿದರು. ಗಿರಿಜಾ ಸಂತೋಷಕ್ಕೆ ಚಪ್ಪಾಳೆ ತಟ್ಟಿದಳು. ಅದೇ ತಪ್ಪಾಯಿತು ನೋಡಿ. ಚಪ್ಪಾಳೆ ಕೇಳಿದೊಡನೆ ಅವರ ಕೈ ಅಭ್ಯಾಸಬಲದಿಂದ ನಮಸ್ಕಾರಕ್ಕೆ ಹೋಯಿತು, ಬಡಿಗೆ ನನ್ನ ಕೈಗೆ ಬಂತು. "ಹಾಂ, ಚೊಲೋ ಐತಿ. ಮುಂದುವರಸು ಅಳಿಯಾ, ನಾ ನೋಡ್ತೀನಿ" ಎಂದು ಕುರ್ಚಿಯ ಮೇಲೆ ಕುಳಿತರು. ಅಂದು ಇಟ್ಟಿಗೆಯನ್ನು ಮೇಲೆ ಕೆಳಗೆ ಆಡಿಸಿದವನು ನಾನು.

ಮೊದಲು ಇದು ಸೋಮಾರಿತನ ಎಂದುಕೊಂಡೆ. ಆಮೇಲೆ ಅರ್ಥವಾಯಿತು, ಇದು ಅವರ ಹುದ್ದೆಯ ಧರ್ಮ. ಪ್ರಧಾನರಾದವರು ಯಾವ ಕೆಲಸವನ್ನೂ ಮಾಡುವುದಿಲ್ಲ, ಉದ್ಘಾಟಿಸುತ್ತಾರೆ. ರಸ್ತೆಗೆ ಒಂದು ಬುಟ್ಟಿ ಮಣ್ಣು ಹಾಕುತ್ತಾರೆ, ಉಳಿದ ರಸ್ತೆ ಮಳೆಗಾಲದವರೆಗೆ ಕಾಯುತ್ತದೆ. ನನ್ನ ವ್ಯಾಯಾಮಕ್ಕೂ ಅದೇ ಮರ್ಯಾದೆ ಸಿಕ್ಕಿತು. ಒದ್ದೆ ಜಮಖಾನ ಹಿಂಡಿದರೆ ಮಣಿಕಟ್ಟು ಗಟ್ಟಿಯಾಗುತ್ತದೆಂದು ಯಾರೋ ಹೇಳಿದರು. ಶೇಖರಪ್ಪ ಒಂದು ಹಿಂಡು ಹಿಂಡಿ ಉದ್ಘಾಟಿಸಿದರು, ಉಳಿದದ್ದನ್ನು ನಾನು ಹಿಂಡಿದೆ. ಗಿರಿಜಾಳಿಗೆ ಈ ಪಾಠ ಬಹಳ ಹಿಡಿಸಿತು. ಮನೆಯ ಹೊದಿಕೆ, ದುಪ್ಪಟ್ಟಿ, ಕೌದಿ ಎಲ್ಲ ಒಗೆದಾಯಿತು. ಪಕ್ಕದ ಮನೆಯವರು "ನಮ್ಮವೂ ಎರಡು ಅದಾವ್ರಿ, ಹೆಂಗೂ ವ್ಯಾಯಾಮ ಮಾಡಾಕತ್ತೀರಲ್ಲ" ಎಂದು ಕೌದಿ ತಂದಿಟ್ಟು ಹೋದರು. ನೀರು ಸೇದಿದರೆ ಭುಜಕ್ಕೆ ಒಳ್ಳೆಯದು ಎಂದೆ. ಒಂದು ಕೊಡ ಅವರದು, ಹಂಡೆ ತುಂಬ ನನ್ನದು. ತುಂಬಿದ ಚರಗಿಯನ್ನು ತೋಳು ಚಾಚಿ ಹಿಡಿದು ನಿಲ್ಲುವ ಪಾಠದಲ್ಲಿ ಅವರು ಚಾಚಿದರು, ಹಿಡಿದರು, ನಂತರ ಬಾಯಾರಿತೆಂದು ಆ ನೀರನ್ನೇ ಕುಡಿದರು.

ಕೊನೆಗೆ ನನ್ನ ಗುರುತನಕ್ಕಿಂತ ದೊಡ್ಡ ಗುರು ಬೇಕೆಂದು ಮುದಗಲ್ಲಿನಿಂದ ಕಾಶೀಮಸಾಬ ವಸ್ತಾದರನ್ನು ಕರೆಸಿದೆವು. ಒಂದು ಕಾಲಕ್ಕೆ ಗರಡಿಮನೆಯ ಪೈಲವಾನರು. ಈಗ ಬಸ್‌ಸ್ಟ್ಯಾಂಡಿನ ಹತ್ತಿರ ಗಡಿಯಾರ, ಟಾರ್ಚು ರಿಪೇರಿ. ಆದರೆ ಮೀಸೆ ಇನ್ನೂ ಗರಡಿಯಲ್ಲೇ ಇತ್ತು. ಅವರು ಶೇಖರಪ್ಪನ ಕೈ ಹಿಡಿದು, ಮಣಿಕಟ್ಟನ್ನು ಎರಡು ಬೆರಳಿನಿಂದ ತಿರುಗಿಸಿ ನೋಡಿ, "ಅರೇ ಪರಧಾನಸಾಬ್, ಕಲಾಯಿ, ಮಣಿಕಟ್ಟು ಅಂದ್ರ ಹಿಂಗಿರಬಾರ್ದು. ಇದು ಕಲಾಯಿ ಅಲ್ರೀ, ಬದನೀಕಾಯಿ ತೊಟ್ಟು" ಎಂದರು. ಶೇಖರಪ್ಪನ ಮೀಸೆ ನಡುಗಿತು. ವಸ್ತಾದರು ಲೆಕ್ಕಿಸದೆ ಉಪಾಯ ಹೇಳಿದರು. ಒಂದು ಬಕೀಟಿನ ತುಂಬ ನೆಲ್ಲು ಹಾಕುವುದು, ಮೊಣಕೈವರೆಗೆ ಕೈ ಇಳಿಸುವುದು, ಒಳಗೇ ಮುಷ್ಟಿ ಹಿಡಿದು ಬಿಚ್ಚಿ, ಹಿಡಿದು ಬಿಚ್ಚಿ ತಿರುವುವುದು. "ಕತ್ತಿ ತೋಳಿಂದ ಎತ್ತೂದಲ್ರೀ, ಮುಷ್ಟಿಂದ ಎತ್ತೂದು. ಮುಷ್ಟಿಗೆ ನೆಲ್ಲಿನಂಥ ದವಾ ಇಲ್ಲ." ಉಪಾಯ ಸರಿಯೇ. ಸಿಂಧನೂರಿನಲ್ಲಿ ನೆಲ್ಲಿಗೆ ಬರವೇ? ಆದರೆ ಅದಕ್ಕೆ ಜೋಡಿಯಾಗಿ ಅವರು ಖುರಾಕು ಹೇಳತೊಡಗಿದರು. ಬದಾಮಿ ಅರೆದ ಹಾಲು, ತುಪ್ಪದಲ್ಲಿ ಹುರಿದ ರವೆ, ಬೆಳಿಗ್ಗೆ ಮೊಟ್ಟೆ. "ಮೊಟ್ಟಿ ನಡ್ಯಂಗಿಲ್ರಿ ನಮ್ಮನ್ಯಾಗ" ಎಂದಳು ಗಿರಿಜಾ. "ಹಂಗಾದ್ರ ಬದಾಮಿ ಡಬಲ್ ಮಾಡ್ರವ್ವಾ" ಎಂದರು ವಸ್ತಾದರು. ಕತ್ತಿಯನ್ನು ಎತ್ತಿ ತೋರಿಸಿ ಎಂದು ನಾನು ಕೇಳಿದಾಗ ಮಾತ್ರ, "ನಂದು ಕುಸ್ತಿ ಲೈನು, ಹತ್ಯಾರದ್ದು ಬ್ಯಾರೆ ಲೈನು" ಎಂದು ದೂರದಿಂದಲೇ ಅದಕ್ಕೆ ಸಲಾಮು ಮಾಡಿದರು. ಹಾಲು ಬಂದಾಗ ಶೇಖರಪ್ಪ ಅದನ್ನು ಉದ್ಘಾಟಿಸಿದ್ದಲ್ಲದೆ ಸಮಾರೋಪವನ್ನೂ ತಾವೇ ಮಾಡಿದರು. ಅದೊಂದು ಕಾರ್ಯಕ್ರಮ ಮಾತ್ರ ಅವರ ಕೈಯಲ್ಲಿ ಪೂರ್ತಿಯಾಗುತ್ತಿತ್ತು. ವಸ್ತಾದರೂ ಜೊತೆಗೆ ಕುಡಿದರು. ಬಕೀಟಿನಲ್ಲಿ ಕೈಯಿಟ್ಟು ನೆಲ್ಲಿನ ಸುಂಕಿನ ತುರಿಕೆಗೆ ಮೊಣಕೈವರೆಗೆ ಕೆರೆದುಕೊಂಡವನು ನಾನು.

ನಾನೇಕೆ ಮಾಡುತ್ತಿದ್ದೆ ಎಂದು ನೀವು ಕೇಳಬಹುದು. ಮೊದಮೊದಲು, ಅವರಿಗೆ ಹುಮ್ಮಸ್ಸು ಬರಲಿ ಎಂದು. ಆಮೇಲೆ, ಗುರುವೇ ಸುಮ್ಮನೆ ಕುಳಿತರೆ ವರ್ಗದ ಮಾತು ಮರೆತಾರೆಂಬ ಹೆದರಿಕೆಗೆ. ಕೊನೆಕೊನೆಗೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಖುಷಿಗೆ. ಕಚೇರಿಯಲ್ಲಿ ಮೊಹರು ಒತ್ತಿದರೆ ಕೆಳಗಿನ ಕಾಗದಕ್ಕೂ ಹೆಸರು ಇಳಿಯುತ್ತಿತ್ತು. ಉಪ್ಪಿನಕಾಯಿ ಭರಣಿಯ ಮುಚ್ಚಳ ನನ್ನ ಕೈ ಕಂಡರೆ ತಾನೇ ಸಡಿಲಾಗುತ್ತಿತ್ತು. ಜವಾನ ಬರದ ದಿನ ಫೈಲಿನ ಕಟ್ಟನ್ನು ಒಂದೇ ಕೈಯಲ್ಲಿ ಎತ್ತಿದಾಗ ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಒಂದು ಬೆಳಿಗ್ಗೆ, ಯಾರೂ ಇಲ್ಲದಾಗ, ಟ್ರೇಲರಿನ ಕತ್ತಿಯನ್ನು ಹಿಡಿದು ಎತ್ತಿದೆ. ಎದ್ದಿತು. ತಲೆಯ ಮೇಲೆ ನಿಂತಿತು. ಕನ್ನಡಿಯಲ್ಲಿ ನೋಡಿಕೊಂಡೆ, ಬನಿಯನ್ನು ಹಾಕಿಕೊಂಡ ನಾನು ನನಗೇ ಭಲೇ ಕಂಡೆ. ಒಂದೇ ಒಂದು ತೊಂದರೆಯಾಯಿತು. ಇಟ್ಟಿಗೆ ಜಾರಿ ಎಡಗೈಗೆ ಬಡಿದು ಮಣಿಕಟ್ಟು ಊದಿಕೊಂಡದ್ದರಿಂದ, ಮಾವನವರು ಕೊಟ್ಟ ಗಡಿಯಾರವನ್ನು ಬಲಗೈಗೆ ಕಟ್ಟಿಕೊಳ್ಳಬೇಕಾಯಿತು.

ಸನ್ಮಾನದ ದಿನ ಬಂತು. ಲಿಂಗಸುಗೂರಿನ ಮೈದಾನದಲ್ಲಿ ಪೆಂಡಾಲು, ಮುಂದೆ ಹೆಂಗಸರ ಸಾಲಿನಲ್ಲಿ ಗಿರಿಜಾ, ಹಿಂದೆ ಎದುರು ಪಾರ್ಟಿಯವರು ಕಡಲೆಕಾಯಿ ತಿನ್ನುತ್ತ ಕಾದು ಕುಳಿತಿದ್ದರು. ಮಂತ್ರಿಗಳು ನಮ್ಮ ಕಡೆಯ ಪದ್ಧತಿಯಂತೆ ಎರಡು ಗಂಟೆ ತಡವಾಗಿ, ಎಂದರೆ ಸರಿಯಾದ ಸಮಯಕ್ಕೆ ಬಂದರು. ನನ್ನ ಜೇಬಿನಲ್ಲಿ ವರ್ಗ ರದ್ದಿನ ಅರ್ಜಿ. ಶೇಖರಪ್ಪನ ಹಣೆಯಲ್ಲಿ ಬೆವರು. ವೇದಿಕೆ ಹತ್ತುವಾಗ ನನ್ನ ತೋಳು ಹಿಡಿದು, "ಅಳಿಯಾ, ನನ್ನ ಬೆನ್ನ ಹಿಂದ ನಿಂದ್ರು. ಕೈ ಸೋತ್ರ ಒಂದೀಟು ಆಸರ ಕೊಡು" ಎಂದರು. ನಿಂತೆ. ನಮ್ಮ ಕಡೆ ವೇದಿಕೆಯ ಮೇಲೆ ನಾಯಕನ ಹಿಂದೆ ಅರ್ಧ ಊರೇ ನಿಂತಿರುವುದರಿಂದ ಇನ್ನೊಬ್ಬ ಹೆಚ್ಚಾದರೆ ಯಾರಿಗೂ ಗೊತ್ತಾಗುವುದಿಲ್ಲ. ಅದರಲ್ಲೂ ನಾನು ಸಣಕಲು, ಅವರು ನನ್ನಂಥ ಇಬ್ಬರಷ್ಟು ಅಗಲ. ಮೇಲೆ ಚೆಂಡುಹೂವಿನ ಆಳುದ್ದದ ಹಾರ, ಅದರ ಮೇಲೆ ಗಂಗಾಳದಷ್ಟು ಅಗಲದ ಜರಿಯಂಚಿನ ಶಾಲು.

ಮಂತ್ರಿಗಳು ಕತ್ತಿಯನ್ನು ಕೊಡಲು ಹೋಗಿ ತಾವೇ ಬಗ್ಗಿದರು. ಪಕ್ಕದ ಇಬ್ಬರು ಸೇರಿ ಕೊಡಿಸಿದರು. ಶೇಖರಪ್ಪ ಹಿಡಿದರು. ಹೊಟ್ಟೆಯವರೆಗೆ ಎತ್ತಿದರು. ಎದೆಯವರೆಗೆ ಎತ್ತಿದರು. ಅಲ್ಲಿ ಕತ್ತಿ ನಿಂತಿತು, ನಡುಗಿತು. ಕಡಲೆಕಾಯಿ ತಿನ್ನುವ ಸಪ್ಪಳ ನಿಂತಿತು. ಹಿಂದಿನ ಸಾಲಿನಿಂದ ಯಾರೋ "ಎತ್ತೋ ಅದನ್ನ!" ಎಂದು ಅವರ ಅಂಗಡಿಯ ದನಿಯಲ್ಲೇ ಕೂಗಿದರು, ನಗೆ ಎದ್ದಿತು. "ಅಳಿಯಾ... ಮುಗೀತು... ಹಿಡಿಯೋ" ಎಂದು ಶೇಖರಪ್ಪ ತುಟಿ ಅಲ್ಲಾಡಿಸದೆ ನರಳಿದರು. ನಾನು ಶಾಲಿನ ಕೆಳಗಿನಿಂದ ಬಲಗೈ ತೂರಿಸಿದೆ. ಅವರು ತಮ್ಮ ಕೈಯನ್ನು ಮೆಲ್ಲಗೆ ಒಳಗೆ ಎಳೆದುಕೊಂಡರು, ನನ್ನ ಕೈ ಹಿಡಿಕೆಗೆ ಹೋಯಿತು. ಇಬ್ಬರದೂ ಬಿಳಿ ಅಂಗಿ. ಆಸರೆ ಕೇಳಿದವರು ಇಡೀ ಭಾರವನ್ನೇ ಬಿಟ್ಟುಕೊಟ್ಟರು ನೋಡಿ. ಉದ್ಘಾಟನೆ ಅವರದು ಆಗಿತ್ತಲ್ಲ, ಮುಂದುವರಿಸುವುದು ನನ್ನದು. ನಾನು ಮುಷ್ಟಿ ಬಿಗಿದು ಎತ್ತಿದೆ. ಜವಳಗೇರಾದ ಪಾಟಿ ಲಿಂಗಸುಗೂರಿನ ಬಿಸಿಲಿನಲ್ಲಿ ಫಳಫಳ ಹೊಳೆಯಿತು. ಪೆಂಡಾಲು ಬಿದ್ದುಹೋಗುವ ಹಾಗೆ ಚಪ್ಪಾಳೆ. ಶಾಲಿನ ಹಿಂದೆ, ಕತ್ತಲಲ್ಲಿ, ಚೆಂಡುಹೂವಿನ ವಾಸನೆಯಲ್ಲಿ ನನಗೆ ಕಣ್ಣಲ್ಲಿ ನೀರೇ ಬಂತು. ನನ್ನ ಜೀವಮಾನದಲ್ಲಿ ನನಗೆ ಬಿದ್ದ ಚಪ್ಪಾಳೆ ಅದೊಂದೇ.

"ಇನ್ನೊಂದ್ ಸ್ವಲ್ಪ ಹಂಗ ಇರ್ರೀ, ಫ್ಲ್ಯಾಶು ಬರವಲ್ದು" ಎಂದ ಫೋಟೋದವನು. ಮಂತ್ರಿಗಳು ಬೆರಗಾಗಿ, "ಏನ್ರೀ ಪ್ರಧಾನ್ರೇ, ಭಾರೀ ಗಟ್ಟಿ ಇದೆ ಕೈ! ಕೇಳಿ, ನಿಮಗೆ ಏನಾಗಬೇಕು?" ಎಂದರು. ಶೇಖರಪ್ಪ ಒಳ್ಳೆಯವರು, ಮಾತಿಗೆ ತಪ್ಪಲಿಲ್ಲ. ನನ್ನ ವರ್ಗದ ವಿಷಯ ಹೇಳಿದರು. "ಇಷ್ಟೇನಾ? ಎಲ್ಲಿ ಅವರು? ಅರ್ಜಿ ತರೋಕೆ ಹೇಳಿ, ಇಲ್ಲೇ ಸಹಿ ಹಾಕ್ತೀನಿ" ಎಂದು ಮಂತ್ರಿಗಳು ಜೇಬಿನಿಂದ ಪೆನ್ನು ತೆಗೆದರು. ಅವರ ಸಹಾಯಕರು ಮೈಕಿನವನಿಗೆ ಸನ್ನೆ ಮಾಡಿದರು. "ಸಿಂಧನೂರಿನ ಈರಣ್ಣನವರು ಎಲ್ಲಿದ್ದರೂ ಕೂಡಲೇ ವೇದಿಕೆಯ ಮೇಲೆ ಬರಬೇಕು" ಎಂದು ನನ್ನ ಹೆಸರು ನಾಲ್ಕೂ ಸ್ಪೀಕರುಗಳಲ್ಲಿ ಮೊಳಗಿತು. ನಾನು ವೇದಿಕೆಯ ಮೇಲೇ ಇದ್ದೆ. ಮಂತ್ರಿಗಳಿಂದ ಒಂದು ಮೊಳ ದೂರದಲ್ಲಿದ್ದೆ. ಅರ್ಜಿ ಎದೆಗೆ ಅಂಟಿಕೊಂಡಿತ್ತು. ಕಾಲು ಹೊರಡಲು ನೋಡಿತು. "ಕೈ ಬಿಟ್ಟಿ ಅಂದ್ರ ನಾ ಮುಗದ್ಹೋದೆ ಅಳಿಯಾ, ನಿನ್ನ ಕಾಲಿಗೆ ಬೀಳ್ತೀನಿ" ಎಂದು ಶೇಖರಪ್ಪ ಪಿಸುಗುಟ್ಟಿದರು. ಆ ದನಿಯಲ್ಲಿ ಪ್ರಧಾನ ಇರಲಿಲ್ಲ. ಪರೀಕ್ಷೆಯ ಫಲಿತಾಂಶಕ್ಕೆ ಹೆದರಿದ ಹುಡುಗನಿದ್ದ. ಏನು ಮಾಡುತ್ತೀರಿ? ಮೈಕು ಮತ್ತೆ ಕೂಗಿತು. ಹೆಂಗಸರ ಸಾಲಿನಲ್ಲಿ ಗಿರಿಜಾ ಎದ್ದು ನಿಂತು ನನ್ನನ್ನು ಹುಡುಕುತ್ತಿದ್ದಾಳೆಂದು ಅವಳ ಬಳೆಯ ಸದ್ದಿನಿಂದಲೇ ಗೊತ್ತಾಯಿತು. ಕಚಕ್ಕೆಂದು ಫ್ಲ್ಯಾಶು ಹೊಳೆಯಿತು. ಶೇಖರಪ್ಪ ನಿಟ್ಟುಸಿರು ಬಿಟ್ಟು, "ಬಂದಿಲ್ಲ ಅಂತ ಕಾಣ್ತದ್ರೀ ಸಾಹೇಬ್ರ" ಎಂದರು. ಮಂತ್ರಿಗಳು ಪೆನ್ನಿಗೆ ಟೊಪ್ಪಿಗೆ ಹಾಕಿದರು. "ತನ್ನ ಕೆಲಸಕ್ಕೇ ತಾನು ಬರದವನು ಸರ್ಕಾರದ ಕೆಲಸಕ್ಕೆ ಏನು ಬರ್ತಾನೆ? ಹೋಗಿ ಬರಲಿ ಬಿಡಿ ಬೀದರಿಗೆ" ಎಂದು ಕಾರು ಹತ್ತಿದರು.

ಅಂದು ಸಾಯಂಕಾಲ ಗಿರಿಜಾ ಎತ್ತಿದ ದನಿಗೆ ಹೋಲಿಸಿದರೆ ಆ ಕತ್ತಿ ಹಗುರ. "ಮೈಕಿನ್ಯಾಗ ಒದರಿದ್ರೂ ಬರ್ಲಿಲ್ಲಲ್ಲ, ಎಲ್ಲಿ ಚಾ ಕುಡ್ಯಾಕ ಹೋಗಿದ್ರಿ?" ಎಂದಳು. ನಿಜ ಹೇಳಿದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಣ್ಣನ ಮ್ಯಾಲ ಹೊಟ್ಟಿಕಿಚ್ಚು ಪಡಬ್ಯಾಡ್ರಿ. ನಾ ಕಣ್ಣಾರೆ ನೋಡೀನಿ, ಅಂವನ ಎತ್ತ್ಯಾನ" ಎಂದಳು. ಗಂಟುಮೂಟೆ ಕಟ್ಟಿಕೊಂಡು ಬೀದರಿಗೆ ಹೊರಟೆವು. ಗಂಟುಗಳನ್ನು ಬಸ್ಸಿನ ಮೇಲೆ ಒಬ್ಬನೇ ಎತ್ತಿ ಹಾಕಿದಾಗ ಕಂಡಕ್ಟರು, "ಹಮಾಲರು ಅದೀರೇನ್ರೀ?" ಎಂದು ಗೌರವದಿಂದಲೇ ಕೇಳಿದ.

ಈಗ ಮಸ್ಕಿಯ ಶೇಖರಪ್ಪನ ಪಡಸಾಲೆಯಲ್ಲಿ ಆ ಫೋಟೋ ಬಾಗಿಲಷ್ಟು ದೊಡ್ಡದಾಗಿ ತೂಗುತ್ತಿದೆ. ನಗುವ ಶೇಖರಪ್ಪ, ಎತ್ತಿದ ಕತ್ತಿ. ಎಡಗೈಯಲ್ಲಿ ಅವರ ಚಿನ್ನದ ಬಣ್ಣದ ಗಡಿಯಾರ, ಬಲಗೈಯಲ್ಲಿ ನನ್ನ ಮಾವನವರು ಕೊಟ್ಟ ಗಡಿಯಾರ. ಸೂಕ್ಷ್ಮವಾಗಿ ನೋಡಿದರೆ ಮುಳ್ಳೂ ಕಾಣುತ್ತದೆ. ಮೈಕಿನಲ್ಲಿ ನನ್ನ ಹೆಸರು ಕೂಗಿದ ಹೊತ್ತು ಅದು, ಅಲ್ಲೇ ನಿಂತಿದೆ. ಪ್ರಧಾನರು ಎರಡೂ ಕೈಗೆ ಗಡಿಯಾರ ಕಟ್ಟುತ್ತಾರೆಂದು ಜೀಪಿನ ಹುಡುಗರೆಲ್ಲ ಕೆಲವು ದಿನ ಎರಡೆರಡು ಕಟ್ಟಿಕೊಂಡು ಓಡಾಡಿದರು, ಆದರೂ ಸಭೆಗೆ ತಡವಾಗಿಯೇ ಬರುತ್ತಿದ್ದರು. ಗಿರಿಜಾ ಮಾತ್ರ ಪ್ರತಿ ಸಲ ಅದರ ಮುಂದೆ ನಿಂತು, "ನೋಡ್ರಿ, ಅಪ್ಪ ಅಣ್ಣಗೂ ನಿಮ್ಮಂಥದ ವಾಚು ಕೊಟ್ಟಾನ. ನಮ್ಮಪ್ಪಗ ಭೇದಭಾವ ಇಲ್ಲ" ಎಂದು ಕಣ್ಣೊರೆಸಿಕೊಳ್ಳುತ್ತಾಳೆ. ಹೋದ ಹಬ್ಬಕ್ಕೆ ಹೋದಾಗ ಯಾರೋ ಬೀಗರು ಫೋಟೋ ನೋಡಿ ಇಂಥ ಕೈ ಹೇಗೆ ಬಂತು ಎಂದು ಕೇಳಿದರು. ಶೇಖರಪ್ಪ ಮೀಸೆ ತಿರುವಿ, "ದಿನಾ ಮುಂಜಾನೆ ಮೈ ಮುರಿದು ದುಡಿದೀನ್ರಿ. ನಮ್ಮ ಅಳಿಯಾನ ಸಾಕ್ಷಿ. ಹೌದಲ್ಲೋ?" ಎಂದರು.

"ಹೌದ್ರೀ" ಎಂದೆ. ಸಿಂಧನೂರಿಗೆ ವಾಪಸು ವರ್ಗ ಕೇಳುವ ಹೊಸ ಅರ್ಜಿ ನನ್ನ ಜೇಬಿನಲ್ಲಿತ್ತು.

ಬೀಗರು ಎದ್ದು ಹೋದ ಮೇಲೆ ಶೇಖರಪ್ಪ ಹತ್ತಿರ ಸರಿದು, ಎತ್ತು ಕೊಳ್ಳುವವರಂತೆ ನನ್ನ ಮಣಿಕಟ್ಟನ್ನು ಹಿಚುಕಿ ನೋಡಿದರು. "ಒಂದೀಟು ಸಡ್ಲ ಆಗೈತಿ ನೋಡೋ. ಮುಂದಿನ ತಿಂಗಳ ಸಿಂಧನೂರಾಗ ಸನ್ಮಾನ ಐತಿ, ಮಂತ್ರಿಗಳು ಬರ್ತಾರ. ಈ ಸಲ ಕತ್ತಿ ಅಲ್ಲ, ಗದಾ. ಹುಡುಗ್ರು ಅದನ್ನೂ ಜವಳಗೇರಾದಾಗ ಮಾಡಸಾಕತ್ಯಾರ. ನಿನ್ನ ಕೆಲಸಾನೂ ಅಲ್ಲೇ ಹೇಳಿಬಿಡೂಣು" ಎಂದರು.

ಬೀದರ್ ಸೀಮೆಯಲ್ಲಿ ನೆಲ್ಲು ಸಿಗುವುದು ಕಷ್ಟ. ಬಕೀಟಿಗೆ ತೊಗರಿ ತುಂಬಿಸಿ ಬಲಗೈ ಇಳಿಸಿಕೊಂಡಿದ್ದೇನೆ. ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.